ಇಸ್ತ್ರಿ ಪೆಟ್ಟಿಗೆಗೆ ನಾನು ಮಾಡಿದ ಪ್ರಚಾರ

ನಾನು ಬಾಯಿ ತೆರೆದರೆ ಮುಚ್ಚುವುದು ಸುಲಭವಲ್ಲ ಎಂಬುದನ್ನು ನನ್ನ ಹೆಂಡತಿ ಮದುವೆಯಾದ ವಾರದೊಳಗೆ ಕಂಡುಕೊಂಡಿದ್ದಳು. ನಮ್ಮ ವಾರ್ಡಿನ ಜನರಿಗೆ ಅದು ತಿಳಿಯಲು ಒಂದು ಗ್ರಾಮ ಪಂಚಾಯತ್ ಚುನಾವಣೆ ಬೇಕಾಯಿತು.

ಇಪ್ಪತ್ತೆಂಟು ವರ್ಷ ನಾನು ಮಿಜಾರಿನ ಕಡೆ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ಕಿಟಕಿಯ ಆಚೆ ನಿಂತ ವಿದ್ಯಾರ್ಥಿಗಳಿಗೆ ‘ನಾಳೆ ಬನ್ನಿ’ ಎನ್ನುವುದನ್ನು ಬಿಟ್ಟರೆ ಅಲ್ಲಿ ಮಾತಿಗೆ ಹೆಚ್ಚು ಆಸ್ಪದವಿರಲಿಲ್ಲ. ಆ ಕೊರತೆಯನ್ನು ತಾಳಮದ್ದಳೆಯಲ್ಲಿ ತೀರಿಸಿಕೊಳ್ಳುತ್ತಿದ್ದೆ. ಅದರಲ್ಲಿ ವೇಷ ಕಟ್ಟುವ ಕಷ್ಟವಿಲ್ಲ, ಕುಣಿಯುವ ಕಷ್ಟವಿಲ್ಲ. ಪಂಚೆ ಉಟ್ಟು, ಶಾಲು ಹೊದ್ದು ಕುಳಿತು, ಭಾಗವತರು ಪದ್ಯ ಹೇಳಿದ ಮೇಲೆ ರಾಜನೋ ಮಂತ್ರಿಯೋ ದೂತನೋ ಆಗಿ ವಾದ ಮಾಡಿದರಾಯಿತು. ಇದಕ್ಕೆ ನಮ್ಮಲ್ಲಿ ಅರ್ಥ ಹೇಳುವುದು ಎನ್ನುತ್ತಾರೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಮೂರು ಕಡೆಯ ಕೂಟಗಳಲ್ಲೂ ನಾನು ಅರ್ಥ ಹೇಳಿದ್ದೇನೆ. ಹೇಳಿದ್ದೇನೆ ಎಂದರೆ, ಕರೆದಿದ್ದ ದೊಡ್ಡ ಅರ್ಥಧಾರಿಗಳಿಗೆ ಬಸ್ಸು ತಪ್ಪಿದಾಗಲೆಲ್ಲ ಹೇಳಿದ್ದೇನೆ. ಒಮ್ಮೆ ಕನ್ಯಾನದಲ್ಲಿ ಒಂದು ಗೃಹಪ್ರವೇಶದ ಕೂಟದಲ್ಲಿ ದೂತನಾಗಿ ಒಂದು ಗಂಟೆ ಹತ್ತು ನಿಮಿಷ ಪೀಠಿಕೆ ಹಾಕಿದೆ. ಎದುರು ಕುಳಿತಿದ್ದ ರಾಜ ಪಾತ್ರ ಬಿಟ್ಟು, “ನೀನು ಬಂದ ಕೆಲಸ ಎಂತ, ಹೇಳು ಮಾರಾಯ” ಎಂದು ಕೇಳಿದ. ಜನ ಬಿದ್ದು ಬಿದ್ದು ನಕ್ಕರು. ನಾನು ಅದನ್ನು ಮೆಚ್ಚುಗೆ ಎಂದೇ ತಿಳಿದುಕೊಂಡೆ.

ನಿವೃತ್ತಿಯಾದ ಮೇಲೆ, ಚಾರ್ಮಾಡಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿರುವ ನಮ್ಮ ಊರಿಗೆ ಬಂದು ನೆಲೆಸಿದೆ. ಮನೆಯ ಎದುರು ಡಾಂಬರು ರಸ್ತೆ, ರಸ್ತೆಗೆ ನಮ್ಮ ಕಬ್ಬಿಣದ ಗೇಟು. ಆ ಗೇಟಿಗೆ ಒಂದು ಚಾಳಿ ಉಂಟು. ಕಂಬ ಸ್ವಲ್ಪ ವಾಲಿರುವುದರಿಂದ ತೆರೆದು ಬಿಟ್ಟರೆ ತಾನಾಗಿ ಬಂದು ಮುಚ್ಚಿಕೊಳ್ಳುತ್ತದೆ. ಗೇಟಿನಿಂದ ಒಂದು ಮಣ್ಣಿನ ದಾರಿ ದನದ ಹಟ್ಟಿಯ ಪಕ್ಕದಲ್ಲಿ ಇಳಿದು ತೋಡಿನವರೆಗೆ, ಎಂದರೆ ಸಣ್ಣ ಹಳ್ಳದವರೆಗೆ, ಹೋಗುತ್ತದೆ. ತೋಡಿನ ಬದಿಯಲ್ಲಿ ನಮ್ಮ ಮನೆಯ ಹಿರಿಯರನ್ನೆಲ್ಲ ಸುಟ್ಟ ಜಾಗ. ಅದಕ್ಕೆ ತಾಗಿಕೊಂಡು ಗುತ್ತಿನ ಮನೆಯವರ, ಎಂದರೆ ಊರಿನ ಹಳೆಯ ದೊಡ್ಡ ಮನೆಯವರ, ರಬ್ಬರು ತೋಟ. ನಮ್ಮ ಕಡೆ ಸ್ವಂತ ಜಾಗ ಇದ್ದವರು ಸತ್ತರೆ ಅವರವರ ಜಾಗದಲ್ಲಿಯೇ ಬೂದಿಯಾಗುತ್ತಾರೆ. ಜಾಗ ಇಲ್ಲದವರು ಐದು ಸೆಂಟ್ಸ್ ಕಾಲನಿಯವರು, ಎಂದರೆ ಮನೆ ಕಟ್ಟಲು ಸರಕಾರದಿಂದ ಐದೈದು ಸೆಂಟ್ಸ್ ನೆಲ ಸಿಕ್ಕಿದವರು. ಐದು ಸೆಂಟ್ಸಿನಲ್ಲಿ ಒಂದು ಮನೆ, ಒಂದು ಬಚ್ಚಲು, ನಾಲ್ಕು ಬಸಳೆ ಬಳ್ಳಿ. ಸಾಯಲಿಕ್ಕೆ ಅಲ್ಲಿ ಜಾಗ ಸಾಕು, ಸುಡಲಿಕ್ಕೆ ಸಾಲದು.

ಆ ಕಾಲನಿಯಿಂದ ಚುನಾವಣೆಗೆ ನಿಂತವರು ನಮ್ಮ ಟೈಲರಕ್ಕ. ಬಸ್ ಸ್ಟ್ಯಾಂಡಿನ ಪಕ್ಕದ ಕೋಣೆಯಲ್ಲಿ ಅವರ ಹೊಲಿಗೆ ಮೆಷಿನು. ಊರಿನ ಹೆಂಗಸರ ರವಕೆಯ ಅಳತೆ ಪೂರ್ತಿ ಅವರ ಬಾಯಲ್ಲಿತ್ತು, ಆದರೆ ಬಾಯಿಯಿಂದ ಹೊರಗೆ ಬರುತ್ತಿರಲಿಲ್ಲ. ಹೆಚ್ಚು ಮಾತಾಡುವವರಲ್ಲ. ಅವರ ಗಂಡ ತೀರಿಕೊಂಡು ಆಗ ನಾಲ್ಕು ವರ್ಷವಾಗಿತ್ತು. ಆ ದಿನದ ವಿಷಯ ನಾನು ಇಲ್ಲಿ ಹೇಳಲೇಬೇಕು. ಹೇಳದೆ ಬಿಡುವ ಉಪಾಯ ಹುಡುಕಿ ಎರಡು ಸಲ ಪೆನ್ನು ಕೆಳಗಿಟ್ಟೆ.

ಆಸ್ಪತ್ರೆಯಿಂದ ಹೆಣ ತಂದ ಆಂಬುಲೆನ್ಸು ನಿಂತದ್ದು ನಮ್ಮ ಗೇಟಿನ ಎದುರು. ತೋಡಿನ ಬದಿಗೆ ಹೋಗಲು ಅದೊಂದೇ ದಾರಿ. ಕಾಲನಿಯ ಇಬ್ಬರು ಹಿರಿಯರು ಒಳಗೆ ಬಂದು, “ಅಣ್ಣ, ನಿಮ್ಮ ಜಾಗದ ಬದಿಯಲ್ಲಿ ಸುಡಲಿಕ್ಕೆ ಬಿಡ್ತೀರಾ?” ಎಂದು ಕೇಳಿದರು. ನಾನು ಇಲ್ಲ ಎನ್ನಲಿಲ್ಲ. ಇಲ್ಲ ಎನ್ನುವುದಕ್ಕೂ ಒಂದು ಧೈರ್ಯ ಬೇಕು. “ಜಾಗ ಇನ್ನೂ ಪಾಲಾಗಲಿಲ್ಲ, ಅಣ್ಣತಮ್ಮಂದಿರನ್ನು ಕೇಳಬೇಕು, ಒಬ್ಬ ಮೂಡುಬಿದಿರೆಯಲ್ಲಿದ್ದಾನೆ, ಫೋನು ತೆಗೆಯುತ್ತಿಲ್ಲ, ಒಂದು ಕಡೆಯಿಂದ ನೋಡಿದರೆ ಕೊಡಬೇಕಾದದ್ದೇ, ಇನ್ನೊಂದು ಕಡೆಯಿಂದ ನೋಡಿದರೆ...” ಎಂದು ಶುರು ಮಾಡಿದೆ. ಅವರು ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ಒಬ್ಬರು ಇನ್ನೊಬ್ಬರ ಭುಜ ಮುಟ್ಟಿ, “ಹೋಗುವ” ಎಂದರು. ಹೆಣವನ್ನು ದೂರದ ಪೇಟೆಯ ಸ್ಮಶಾನಕ್ಕೆ ಕೊಂಡುಹೋದರು. ವ್ಯಾನಿನಲ್ಲಿ ಹಿಡಿದಷ್ಟು ಜನ ಮಾತ್ರ ಹೋದರು. ಗಂಡನ ತಾಯಿ, ಆ ಮುದುಕಿ, ಕಾಲನಿಯಲ್ಲಿಯೇ ಉಳಿದರು. ಮಗನನ್ನು ಎಲ್ಲಿ ಸುಟ್ಟರೆಂದು ಅವರು ಇವತ್ತಿಗೂ ನೋಡಿಲ್ಲ ಎಂದು ಟೈಲರಕ್ಕ ಆಮೇಲೆ ನನ್ನ ಹೆಂಡತಿಗೆ ಹೇಳಿದ್ದರು. ನನಗೆ ಹೇಳಿರಲಿಲ್ಲ. ನನ್ನಲ್ಲಿ ಅವರು ಯಾವತ್ತೂ ಆ ಮಾತು ಎತ್ತಲಿಲ್ಲ.

ಹಾಗಾಗಿ ಅವರು ಚುನಾವಣೆಗೆ ನಿಂತದ್ದು ಒಂದೇ ಕಾರಣಕ್ಕೆ. ಮುದುಕಿಗೆ ಎಂಬತ್ತು ದಾಟಿತ್ತು, ಹಾಸಿಗೆ ಹಿಡಿಯುವ ಲಕ್ಷಣ ಕಾಣುತ್ತಿತ್ತು. “ನನ್ನನ್ನೂ ವ್ಯಾನಿನಲ್ಲಿ ಹಾಕ್ತೀಯಾ?” ಎಂದು ಸೊಸೆಯನ್ನು ದಿನಾ ಕೇಳುತ್ತಿದ್ದರಂತೆ. “ಇಲ್ಲ ಅತ್ತೆ, ಊರಿನಲ್ಲಿಯೇ” ಎಂದು ಟೈಲರಕ್ಕ ಮಾತು ಕೊಟ್ಟಿದ್ದರು. ಪಂಚಾಯತಿಗೆ ಅರ್ಜಿ ಕೊಟ್ಟು ಕೊಟ್ಟು ಸಾಕಾಗಿ, ಒಳಗೆ ಹೋಗಿ ಕೂರದೆ ಆಗುವುದಿಲ್ಲ ಎಂದು ಕಂಡಿತು. ನಮ್ಮ ವಾರ್ಡು ಆ ಸಲ ಮಹಿಳಾ ಮೀಸಲು. ನಾಮಪತ್ರ ಹಾಕಿದರು. ಚಿಹ್ನೆ ಇಸ್ತ್ರಿ ಪೆಟ್ಟಿಗೆ ಸಿಕ್ಕಿತು. ಎದುರು ನಿಂತವರು ಹಿಂದಿನ ಸಲದ ಸದಸ್ಯೆ, ಗುತ್ತಿನ ಮನೆಯ ಅಕ್ಕ. ಅವರ ಹಿಂದೆ ಪಕ್ಷವಿತ್ತು, ಜೀಪಿತ್ತು, ಮನೆ ಮನೆಗೆ ಹೋಗುವ ಐವತ್ತು ಜನರಿದ್ದರು. ಟೈಲರಕ್ಕನ ಹಿಂದೆ ಕಾಲನಿಯ ಹತ್ತು ಹೆಂಗಸರು. ಹನ್ನೊಂದನೆಯವನಾಗಿ ನಾನು ಹೋಗಿ ಸೇರಿದೆ.

ಯಾಕೆ ಸೇರಿದೆ ಎಂದು ಆಗ ಕೇಳಿದವರಿಗೆ, “ಪ್ರಜಾಪ್ರಭುತ್ವದಲ್ಲಿ ಮಾತು ಬಲ್ಲವನ ಕರ್ತವ್ಯ” ಎಂದು ಉತ್ತರ ಕೊಟ್ಟೆ. ಹೆಂಡತಿ ಮಾತ್ರ ಗೇಟಿನ ಕಡೆ ಒಮ್ಮೆ ನೋಡಿ ಒಳಗೆ ಹೋದಳು.

ಮೊದಲ ದಿನವೇ ನನ್ನ ಉಪಯೋಗ ಎಲ್ಲರಿಗೂ ಗೊತ್ತಾಯಿತು. ಟೈಲರಕ್ಕ ಒಂದು ಮನೆಗೆ ಹೋದರೆ ಅವರ ಪ್ರಚಾರ ಹೀಗಿರುತ್ತಿತ್ತು: “ಅಕ್ಕ, ಇಸ್ತ್ರಿ ಪೆಟ್ಟಿಗೆ. ಒಂದು ರುದ್ರಭೂಮಿ ಆಗ್ಬೇಕು. ನೋಡಿ.” ಮುಗಿಯಿತು. ಇಷ್ಟು ಚಿಕ್ಕ ಮಾತಿನಿಂದ ಯಾರು ಮತ ಕೊಟ್ಟಾರು ಎಂದು ನನಗೆ ಮರುಕ ಬಂತು. ನಾನು ಮುಂದೆ ಬಂದು ಗ್ರಾಮ ಸ್ವರಾಜ್ಯದಿಂದ ತೊಡಗುತ್ತಿದ್ದೆ. ಒಂದು ಮನೆಯಲ್ಲಿ ನಾನು ಇನ್ನೂ ಪೀಠಿಕೆಯಲ್ಲಿರುವಾಗ ಒಳಗೆ ಗಂಜಿ ಉಕ್ಕಿ ಒಲೆ ನಂದಿತು. ಇನ್ನೊಂದು ಮನೆಯ ಯಜಮಾನರು ನಾನು ಬರುವುದನ್ನು ದೂರದಿಂದಲೇ ಕಂಡು ಏಣಿ ಹಿಡಿದುಕೊಂಡು ಕರಿಮೆಣಸಿನ ಬಳ್ಳಿಗೆ ಹತ್ತಿದರು. ಕೊಯ್ಯಲು ಅದರಲ್ಲಿ ಒಂದು ಕಾಳೂ ಇರಲಿಲ್ಲ. ಹತ್ತು ಮನೆ ಆಗಬೇಕಾದ ದಿನ ಮೂರು ಮನೆ ಆಯಿತು. ಸಂಜೆ ಟೈಲರಕ್ಕ ಬಹಳ ಮರ್ಯಾದೆಯಿಂದ, “ಅಣ್ಣ, ನಿಮಗೆ ಈ ಗುಡ್ಡೆ ಹತ್ತಿ ಇಳಿಯುವುದು ಕಷ್ಟ. ಕೊನೆಯ ದಿನ ಮಂದಿರದ ಎದುರು ಒಂದು ಸಭೆ ಮಾಡುವ. ನೀವು ಅಲ್ಲಿ ಮಾತಾಡಿ, ಸಾಕು” ಎಂದರು. ನನ್ನನ್ನು ಬಚಾವು ಮಾಡುತ್ತಿದ್ದಾರೆಂದು ತಿಳಿದೆ. ಅವರು ಬಚಾವು ಮಾಡಿದ್ದು ವಾರ್ಡನ್ನು.

ಒಂದು ವಾರ ಮನೆಯಲ್ಲಿ ಕುಳಿತು ಸಭೆಗೆ ತಯಾರಿ ಮಾಡಿದೆ. ಇಲ್ಲಿ ನಮ್ಮ ತಾಳಮದ್ದಳೆಯ ಒಂದು ಕ್ರಮ ಹೇಳಬೇಕು. ನನಗೆ ಅರ್ಥ ಕಲಿಸಿದ ಹಿರಿಯರು, ಎದುರಾಳಿಯನ್ನು ಸಣ್ಣವನನ್ನಾಗಿ ಮಾಡಿ ಗೆಲ್ಲಬಾರದು ಎಂದು ಹೇಳುತ್ತಿದ್ದರು. ಮೊದಲು ಅವನ ವಾದವನ್ನು ಅವನೇ ಹೇಳಿದ್ದಕ್ಕಿಂತ ಚಂದ ಮಾಡಿ ನೀನು ಹೇಳಬೇಕು. ಅದು ಪೂರ್ವಪಕ್ಷ. ಅದನ್ನು ಗೋಡೆ ಕಟ್ಟಿದ ಹಾಗೆ ಮಾಡಿನವರೆಗೆ ಎತ್ತಿ ನಿಲ್ಲಿಸಿದ ಮೇಲೆ ಒಂದೊಂದೇ ಕಲ್ಲು ತೆಗೆದು ಉರುಳಿಸಬೇಕು. ಆಗ ಕೇಳುವವರಿಗೂ ರುಚಿ, ಗೆದ್ದವನಿಗೂ ಮರ್ಯಾದೆ. ಚುನಾವಣೆಯ ಭಾಷಣಗಳಲ್ಲಿ ಎದುರಾಳಿಯನ್ನು ಬರೀ ಬೈಯುವುದನ್ನು ಕೇಳಿ ಕೇಳಿ ನನಗೆ ಬೇಸರವಾಗಿತ್ತು. ನಾನು ಈ ತಾಲೂಕಿಗೆ ಒಂದು ಹೊಸ ಮಾದರಿ ತೋರಿಸಬೇಕೆಂದು ನಿರ್ಧರಿಸಿದೆ.

ಬಹಿರಂಗ ಪ್ರಚಾರ ಮುಗಿಯುವ ದಿನ. ಐದು ಗಂಟೆಗೆ ಮೈಕು ನಿಲ್ಲಬೇಕು ಎಂಬುದು ನಿಯಮ. ಭಜನಾ ಮಂದಿರದ ಎದುರು ಟಾರ್ಪಾಲು ಕಟ್ಟಿ, ಶಾಲೆಯಿಂದ ತಂದ ಬೆಂಚು ಹಾಕಿದ್ದರು. ಎಪ್ಪತ್ತು ಎಂಬತ್ತು ಜನ ಸೇರಿದ್ದರು. ನನ್ನ ಜೀವಮಾನದಲ್ಲಿ ನನಗಾಗಿಯೇ ಸೇರಿದ ಜನ ಅಷ್ಟು ಇರಲಿಲ್ಲ. ಇವರೂ ನನಗಾಗಿ ಸೇರಿದವರಲ್ಲ ಎಂಬುದು ಆ ಹೊತ್ತಿಗೆ ನನಗೆ ಮರೆತುಹೋಗಿತ್ತು. ಟೈಲರಕ್ಕ ಒಂದು ನಿಮಿಷ ಕೈ ಮುಗಿದು ಇಸ್ತ್ರಿ ಪೆಟ್ಟಿಗೆ ಎಂದರು, ರುದ್ರಭೂಮಿ ಎಂದರು, ಬದಿಗೆ ನಿಂತರು. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ನಾನು ಶಾಲು ಸರಿ ಮಾಡಿಕೊಂಡು ಮೈಕು ಹಿಡಿದೆ.

ಪೂರ್ವಪಕ್ಷ ಎತ್ತಿದೆ. ಗುತ್ತಿನಕ್ಕನ ಬಗ್ಗೆ ಹೇಳಲಿಕ್ಕೆ ಸಂಗತಿಗಳೂ ಇದ್ದವು. ಬೇಸಗೆಯಲ್ಲಿ ಅವರ ಕೆರೆಯಿಂದ ಕಾಲನಿಗೆ ನೀರು ಬಿಡುತ್ತಿದ್ದರು. ಹೆರಿಗೆ ಎಂದರೆ ಹೊತ್ತು ಗೊತ್ತು ನೋಡದೆ ಅವರ ಜೀಪು ಬರುತ್ತಿತ್ತು. ಅದನ್ನೆಲ್ಲ ಹೇಳುತ್ತಾ ಹೇಳುತ್ತಾ ನನಗೆ ಅಭ್ಯಾಸದ ಬಲ ಬಂದುಬಿಟ್ಟಿತು. ಅರ್ಥಧಾರಿ ಇನ್ನೊಬ್ಬರ ಬಗ್ಗೆ ಮಾತಾಡುವುದಿಲ್ಲ, ಆ ಇನ್ನೊಬ್ಬರೇ ಆಗಿ ಮಾತಾಡುತ್ತಾನೆ. ಇಪ್ಪತ್ತು ನಿಮಿಷ ಆಗುವಾಗ ನಾನು ಗುತ್ತಿನಕ್ಕನೇ ಆಗಿದ್ದೆ.

“ನಾನು ಈ ಊರಿಗೆ ಸೊಸೆಯಾಗಿ ಬಂದವಳು,” ಎಂದೆ. “ಬಂದ ದಿನ ನನ್ನ ಅತ್ತೆ ಹೇಳಿದರು, ಈ ಜಗಲಿಗೆ ಕೇಳಿಕೊಂಡು ಬಂದವರಿಗೆ ಇಲ್ಲ ಎಂಬ ಮಾತು ಈ ಮನೆಯಿಂದ ಹೊರಟದ್ದಿಲ್ಲ ಎಂದು. ರುದ್ರಭೂಮಿ ಇಲ್ಲ, ರುದ್ರಭೂಮಿ ಇಲ್ಲ ಎನ್ನುತ್ತೀರಿ. ನನ್ನ ರಬ್ಬರಿನ ತುದಿಯಲ್ಲಿ, ತೋಡಿನ ಬದಿಯಲ್ಲಿ ಜಾಗವಿಲ್ಲವೇ? ಸತ್ತವನಿಗೆ ಆರಡಿ ಬಿಡದ ನೆಲದಲ್ಲಿ ನಾನು ಮರ ಕೆತ್ತಿ ಹಾಲು ಇಳಿಸಿದರೆ ಆ ಹಾಲು ನನಗೆ ದಕ್ಕೀತೇ? ನೀವು ಬಂದು ಕೇಳಿದಿರಾ? ಕೇಳಿ. ಕೊಡದಿದ್ದರೆ ನಾನು ಆ ಮನೆಯ ಸೊಸೆಯಲ್ಲ!”

ಚಪ್ಪಾಳೆ ಎಂದರೆ ಅದು ಚಪ್ಪಾಳೆ. ಮುಂದಿನ ಬೆಂಚಿನ ಒಬ್ಬ ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಕನ್ಯಾನದಲ್ಲಿ ಸಿಗದಿದ್ದದ್ದು, ಬಂಟ್ವಾಳದಲ್ಲಿ ಸಿಗದಿದ್ದದ್ದು ನನಗೆ ಅಲ್ಲಿ ಸಿಕ್ಕಿತು. ಆ ರುಚಿಗೆ ಇನ್ನೂ ಇಪ್ಪತ್ತು ನಿಮಿಷ ಗುತ್ತಿನಕ್ಕನಾಗಿಯೇ ಉಳಿದೆ. ‘ಹೀಗೆ ಅವರು ಹೇಳಿಯಾರು. ಆದರೆ ಹೇಳಿದ್ದಾರೆಯೇ? ಐದು ವರ್ಷ ಕುಳಿತಿದ್ದರಲ್ಲ, ಒಮ್ಮೆಯಾದರೂ ಹೇಳಿದ್ದಾರೆಯೇ?’ ಎಂಬುದು ನನ್ನ ಉತ್ತರಪಕ್ಷದ ಮೊದಲ ವಾಕ್ಯ. ಆ ಒಂದು ವಾಕ್ಯದಿಂದ ಇಡೀ ಕಟ್ಟಡ ಬೀಳಬೇಕಿತ್ತು. ನೀರು ಕುಡಿದು, ಗಂಟಲು ಸರಿ ಮಾಡಿಕೊಂಡು, “ಹೀಗೆ ಅವರು...” ಎನ್ನುವಾಗ ಮೈಕು ಸತ್ತಿತು.

ಬೀಟ್ ಪೊಲೀಸರು ಬೈಕಿನ ಮೇಲೆ ಕುಳಿತೇ ಕೈಗಡಿಯಾರ ತೋರಿಸಿದರು. “ಐದಾಯ್ತು ಸರ್.” ಮೈಕಿನವರು ಆಗಲೇ ವಯರು ಸುತ್ತತೊಡಗಿದ್ದರು. ಅವರಿಗೆ ಮೂಡುಬಿದಿರೆಯಲ್ಲಿ ಇನ್ನೊಂದು ಕಾರ್ಯಕ್ರಮವಿತ್ತು. ಜನ ಎದ್ದರು. ನಾನು ಬರಿಯ ಬಾಯಿಯಿಂದಲೇ “ನಿಲ್ಲಿ, ಇನ್ನೂ ಉಂಟು” ಎಂದು ಕೂಗಿದೆ. “ಸಾಕು ಸಾಕು, ಭಾರೀ ಲಾಯ್ಕ ಆಯ್ತು” ಎಂದು ನನ್ನ ಬೆನ್ನು ತಟ್ಟಿ ಹೋದರು.

ಟೈಲರಕ್ಕ ಬೆಂಚು ಎತ್ತುತ್ತಿದ್ದರು. ನಾನು ಹತ್ತಿರ ಹೋದೆ.

“ಮುಗಿಯಿತಾ ಅಣ್ಣ?”

“ಮುಗಿಯಲಿಲ್ಲ. ಅರ್ಧ ಆದದ್ದಷ್ಟೆ.”

“ನನ್ನ ಹೆಸರು ಯಾವಾಗ ಬರ್ಲಿಕ್ಕಿತ್ತು?”

ಕೋಪದಿಂದ ಕೇಳಿದ್ದಲ್ಲ, ತಿಳಿದುಕೊಳ್ಳಲೆಂದೇ ಕೇಳಿದ್ದು. ಐದೂಕಾಲಿನ ಹೊತ್ತಿಗೆ ಬರಲಿಕ್ಕಿತ್ತು ಎಂದು ನಾನು ಹೇಳಿದೆ. ಅವರು ಬೆಂಚಿನ ಇನ್ನೊಂದು ತುದಿ ಹಿಡಿಯಲು ನನಗೆ ಸನ್ನೆ ಮಾಡಿದರು. ಇಬ್ಬರೂ ಸೇರಿ ಶಾಲೆಗೆ ಬೆಂಚು ಹೊತ್ತೆವು. ದಾರಿಯಲ್ಲಿ ಗುತ್ತಿನ ಮನೆಯ ಜೀಪು ನಿಂತಿತು. ಅದರೊಳಗಿದ್ದ ಗುತ್ತಿನಕ್ಕನ ಗಂಡ ತಲೆ ಹೊರಗೆ ಹಾಕಿ, “ನಮ್ಮ ಐವತ್ತು ಜನರಿಂದ ಆಗದಿದ್ದದ್ದು ನೀವೊಬ್ಬರೇ ಮಾಡಿದಿರಿ” ಎಂದು ನನ್ನ ಕೈ ಕುಲುಕಿದರು. ಟೈಲರಕ್ಕ ಬೆಂಚು ಹಿಡಿದು ಕಾದು ನಿಂತಿದ್ದರು. ಭೂಮಿ ಬಾಯಿ ಬಿಡಬಾರದೇ ಎಂದು ಜನ ಯಾಕೆ ಹೇಳುತ್ತಾರೆಂದು ಅವತ್ತು ತಿಳಿಯಿತು.

ಮತ ಎಣಿಕೆ ಬೆಳ್ತಂಗಡಿಯಲ್ಲಿ. ಟೈಲರಕ್ಕ ಒಂಬತ್ತು ಮತಗಳಿಂದ ಸೋತರು. ನೂರು ಮತಗಳಿಂದ ಸೋತಿದ್ದರೆ ನಾನು ತಪ್ಪಿಸಿಕೊಳ್ಳಬಹುದಿತ್ತು. ಒಂಬತ್ತು ಎಂದರೆ ನಾನು ಹೆಸರು ಹಿಡಿದು ಹೇಳಬಲ್ಲೆ, ಮುಂದಿನ ಎರಡು ಬೆಂಚಿನವರು. ಬಸ್ಸಿನಲ್ಲಿ ಬರುವಾಗ ಅವರು ಕಿಟಕಿಯ ಕಡೆ ಕುಳಿತಿದ್ದರು, ನಾನು ಎರಡು ಸೀಟು ಹಿಂದೆ. ಕ್ಷಮೆ ಕೇಳಬೇಕೆಂದು ಮನಸ್ಸಿನಲ್ಲಿ ವಾಕ್ಯ ಕಟ್ಟುತ್ತಿದ್ದೆ. ಅದೂ ಉದ್ದವಾಗುತ್ತಾ ಹೋಯಿತು. ನಮ್ಮ ಸ್ಟಾಪು ಬಂತು, ಅವರು ಇಳಿದು, “ಅತ್ತೆಗೆ ಗಂಜಿ ಕೊಡ್ಬೇಕು” ಎಂದು ನಡೆದೇಬಿಟ್ಟರು. ಆ ಮುದುಕಿ ಆ ಹೊತ್ತಿಗೆ ಹಾಸಿಗೆ ಹಿಡಿದಾಗಿತ್ತು.

ನಾನು ಎರಡು ವಾರ ಮನೆಯಿಂದ ಹೊರಗೆ ಬೀಳಲಿಲ್ಲ. ಅರ್ಥಕ್ಕೆ ಎರಡು ಕಡೆಯಿಂದ ಕರೆ ಬಂತು. ಅದರಲ್ಲಿ ಒಂದು ಮುಖ್ಯ ಪಾತ್ರಕ್ಕೆ. ಗಂಟಲು ಸರಿಯಿಲ್ಲ ಎಂದೆ. “ಗಂಟಲಿಗೆ ಏನೂ ಆಗಲಿಲ್ಲ, ಅದೇ ತೊಂದರೆ” ಎಂದಳು ಹೆಂಡತಿ.

ಮೂರನೆಯ ವಾರ ಗುತ್ತಿನ ಮನೆಯಿಂದ ಹೇಳಿಕಳಿಸಿದರು, ಕೂಡಲೇ ಬರಬೇಕಂತೆ. ಹೋದೆ. ಜಗಲಿಯ ತುಂಬ ಕಾಲನಿಯ ಹೆಂಗಸರು ಕುಳಿತಿದ್ದರು, ನಡುವೆ ಟೈಲರಕ್ಕ. ಎಲ್ಲರ ಎದುರೂ ಬೆಲ್ಲ, ನೀರು. ಗುತ್ತಿನಕ್ಕ ಬಾಗಿಲಿಗೆ ಒರಗಿ ನಿಂತಿದ್ದರು. ಮುಖ ಕೆಂಪಾಗಿತ್ತು.

“ಬನ್ನಿ, ಬನ್ನಿ. ನನ್ನ ಬಾಯಿ ನೀವು ಯಾವಾಗ ಗೇಣಿಗೆ ತೆಗೊಂಡದ್ದು?” ಎಂದರು. “ಇವರೆಲ್ಲ ಬಂದು ಕೂತು ಕೇಳ್ತಾರೆ, ‘ಅಕ್ಕ, ನೀವು ಹೇಳಿದ ಜಾಗ ಎಲ್ಲಿಂದ ಎಲ್ಲಿವರೆಗೆ, ತೋರಿಸಿ’ ಅಂತ. ನಾನು ಎಲ್ಲಿ ಹೇಳಿದೆ ಅಂದರೆ, ‘ನೀವಲ್ಲ, ನಿಮ್ಮ ಅರ್ಥ ಹೇಳಿದವರು ಹೇಳಿದ್ದು. ಅದನ್ನು ಕೇಳಿಯೇ ನಾವು ನಿಮಗೆ ವೋಟು ಹಾಕಿದ್ದು’ ಅಂತಾರೆ.”

ನಾನು ಹೆಂಗಸರ ಕಡೆ ನೋಡಿದೆ. ಮುಂದಿನ ಬೆಂಚಿನಲ್ಲಿ ಕಣ್ಣು ಒರೆಸಿಕೊಂಡ ಅಜ್ಜಿ ನನ್ನನ್ನು ನೋಡಿ ತಲೆಯಾಡಿಸಿದರು. ಟೈಲರಕ್ಕನ ಸ್ವಂತ ಕಾಲನಿಯವರು! ತನ್ನ ವಿರುದ್ಧ ಮತ ಹಾಕಿದವರನ್ನೇ ಕರೆದುಕೊಂಡು, ಆ ಮತಕ್ಕೆ ಬದಲು ಸಿಗಬೇಕಾದದ್ದನ್ನು ಕೇಳಲು ಟೈಲರಕ್ಕ ಬಂದಿದ್ದರು. ಅವರ ಮುಖದಲ್ಲಿ ಯಾರ ಮೇಲೂ ಸಿಟ್ಟಿರಲಿಲ್ಲ. ಅವರಿಗೆ ಸಿಟ್ಟು ಮಾಡಲು ಪುರುಸೊತ್ತಿರಲಿಲ್ಲ.

“ಅದು ಪೂರ್ವಪಕ್ಷ ಮಾತ್ರ ಅಕ್ಕ,” ಎಂದೆ. “ಆಮೇಲೆ ಖಂಡಿಸಲಿಕ್ಕಿತ್ತು.”

“ಖಂಡಿಸಿದ್ದು ಯಾರಾದರೂ ಕೇಳಿದ್ದಾರಾ?”

ಯಾರೂ ಕೇಳಿರಲಿಲ್ಲ.

ಗುತ್ತಿನಕ್ಕ ಧ್ವನಿ ತಗ್ಗಿಸಿ, “ನನ್ನ ಅತ್ತೆ ಹಾಗೆ ಹೇಳಿದ್ದು ನಿಮಗೆ ಯಾರು ಹೇಳಿದ್ದು?” ಎಂದು ಕೇಳಿದರು. ಯಾರೂ ಹೇಳಿದ್ದಲ್ಲ, ಬಾಯಿಗೆ ಬಂದದ್ದು ಎಂದೆ. ಅವರು ಎಲ್ಲರನ್ನೂ ಒಮ್ಮೆ ನೋಡಿದರು. “ಅವರು ಹೇಳಿದ್ದು ಹೌದು. ಹೆಚ್ಚುಕಡಿಮೆ ಅದೇ ಮಾತು.” ಆಮೇಲೆ ಟೈಲರಕ್ಕನ ಕಡೆ ತಿರುಗಿ, “ತೋಡಿನ ಬದಿಯ ಮೂಲೆ ಬಿಡ್ತೇನೆ. ಇಪ್ಪತ್ತು ಸೆಂಟ್ಸ್. ಪಂಚಾಯತಿನಲ್ಲಿ ಠರಾವು ನಾನೇ ಮಾಡಿಸ್ತೇನೆ. ಆದರೆ ದಾರಿ? ನಮ್ಮ ಕಡೆಯಿಂದ ಕಡಿದಾದ ಬರೆ. ಹೆಣ ಹೊತ್ತುಕೊಂಡು ಅದರಲ್ಲಿ ಇಳಿಯಲಿಕ್ಕೆ ಆಗುವುದಿಲ್ಲ. ದಾರಿ ಇರುವುದು ಒಂದೇ” ಎಂದರು.

ಹೇಳಿ ನನ್ನನ್ನು ನೋಡಿದರು. ಹೆಂಗಸರೆಲ್ಲ ನನ್ನನ್ನು ನೋಡಿದರು. ಟೈಲರಕ್ಕ ಮಾತ್ರ ನೋಡಲಿಲ್ಲ, ಬೆಲ್ಲದ ತಟ್ಟೆಯನ್ನು ನೋಡುತ್ತಿದ್ದರು. ನಾಲ್ಕು ವರ್ಷ ಯಾವ ಗೇಟಿನ ವಿಷಯ ಅವರು ನನ್ನ ಹತ್ತಿರ ಎತ್ತಿರಲಿಲ್ಲವೋ ಆ ಗೇಟು ಈಗ ಆ ಜಗಲಿಯ ನಡುವೆ ಬಂದು ನಿಂತಿತ್ತು. ನನಗೆ ನಾಚಿಕೆಯಾಯಿತು. ಗುತ್ತಿನಕ್ಕನಾಗಿ ಸಲೀಸಾಗಿ ಕೊಟ್ಟ ಮಾತನ್ನು ನಾನಾಗಿ ಯಾವತ್ತೂ ಕೊಟ್ಟಿರಲಿಲ್ಲ. ಪರರ ಬಾಯಿಯಲ್ಲಿ ನಾನು ಎಷ್ಟು ದೊಡ್ಡ ದಾನಿ!

ಅಷ್ಟಾದರೂ ಅಭ್ಯಾಸ ಬಿಡಬೇಕಲ್ಲ. “ಒಂದು ಕಡೆಯಿಂದ ನೋಡಿದರೆ...” ಎಂದು ನನ್ನ ಬಾಯಿ ತಾನಾಗಿ ಶುರು ಮಾಡಿತು.

ಟೈಲರಕ್ಕ ತಲೆ ಎತ್ತಿದರು. “ಅಣ್ಣ, ಎದುರು ಪಕ್ಷ ಬೇಡ. ನಿಮ್ಮದು ಮಾತ್ರ ಹೇಳಿ.”

“ಆಯ್ತು,” ಎಂದೆ. “ಗೇಟು ತೆಗೀತೇನೆ.”

ನನ್ನ ಅರ್ಥಗಾರಿಕೆಯಲ್ಲಿ ಅಷ್ಟು ಚಿಕ್ಕ ಮಾತು ಅದೊಂದೇ. ಮನೆಗೆ ಬಂದು ಮೂಡುಬಿದಿರೆಯ ತಮ್ಮನಿಗೆ ಫೋನು ಮಾಡಿದೆ. ಮೊದಲ ರಿಂಗಿಗೇ ತೆಗೆದ. “ಅದಕ್ಕೆ ನನ್ನನ್ನು ಕೇಳುವುದು ಎಂತ, ಕೊಡು ಮಾರಾಯ” ಎಂದ. ನಾಲ್ಕು ವರ್ಷದ ಹಿಂದೆಯೂ ಅವನು ಹಾಗೆಯೇ ಹೇಳುತ್ತಿದ್ದನೋ ಏನೋ. ಆ ದಿನ ಅವನು ಫೋನು ತೆಗೆಯಲಿಲ್ಲ ಎಂದು ಮೇಲೆ ಬರೆದೆನಲ್ಲ, ನಿಜ ಹೇಳಬೇಕೆಂದರೆ ಆ ದಿನ ನಾನು ಅವನಿಗೆ ಫೋನು ಮಾಡಿರಲೇ ಇಲ್ಲ.

ಠರಾವು ಆಗಿ, ಸರ್ವೆಯವರು ಬಂದು ಕಲ್ಲು ಹಾಕಿ, ಪೊದೆ ಕಡಿಸುವಾಗ ಮಳೆಗಾಲ ಮುಗಿದಿತ್ತು. ಮುದುಕಿ ಅಷ್ಟು ದಿನ ಹೇಗೆ ಜೀವ ಹಿಡಿದುಕೊಂಡರೋ. ಪೊದೆ ಕಡಿದ ಮೇಲೆ ಟೈಲರಕ್ಕ ಅವರನ್ನು ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ನಾಲ್ಕು ಜನರಿಂದ ಹೊರಿಸಿಕೊಂಡು ಬಂದು ಜಾಗ ತೋರಿಸಿದರು. ನಮ್ಮ ಹಟ್ಟಿಯ ಹತ್ತಿರ ಕುರ್ಚಿ ಇಳಿಸಿ ಸುಧಾರಿಸಿಕೊಳ್ಳುವಾಗ ಮುದುಕಿ ನನ್ನ ಹೆಂಡತಿಯನ್ನು, “ಇಲ್ಲಿಂದ ದೂರ ಉಂಟಾ?” ಎಂದು ಕೇಳಿದರು. “ಇಲ್ಲ ಅಮ್ಮ, ಇದಾ ಇಲ್ಲಿಯೇ” ಎಂದಳು. ಮುದುಕಿಗೆ ಅಷ್ಟು ಸಾಕಾಯಿತು.

ಅವರು ತೀರಿಕೊಂಡ ಸುದ್ದಿ ಒಂದು ಬೆಳಿಗ್ಗೆ ಬಂತು. ನಾನು ಗೇಟಿನ ಹತ್ತಿರ ಹೋದೆ. ತೆರೆದು ಕಲ್ಲು ಇಟ್ಟೆ. ಕಲ್ಲು ಜಾರಿ ಗೇಟು ಮತ್ತೆ ಬಂದು ಮುಚ್ಚಿಕೊಂಡಿತು. ಹಗ್ಗ ಕಟ್ಟಿದೆ, ಹಳೆಯ ಹಗ್ಗ, ತುಂಡಾಯಿತು. ರಸ್ತೆಯ ತಿರುವಿನಲ್ಲಿ ಜನರ ಮಾತು ಕೇಳಿಸತೊಡಗಿತು. ನಾನೂ ಹೆಂಡತಿಯೂ ಎರಡು ಬದಿಯಿಂದ ಹಿಡಿದು, ಗೇಟನ್ನು ಎತ್ತಿ ಕೊಂಡಿಯಿಂದಲೇ ಕಳಚಿ, ಪಾಗಾರದ ಗೋಡೆಗೆ ಒರಗಿಸಿದೆವು. ಸೊಂಟ ಹಿಡಿದುಕೊಂಡಿತು. ಹೆಣ ಒಳಗೆ ಬಂತು, ಹಟ್ಟಿಯ ಪಕ್ಕದಲ್ಲಿ ಇಳಿಯಿತು. ಹಿಂದೆ ಇಡೀ ಕಾಲನಿ ಬಂತು, ನಡೆಯಲು ಬರುವವರೆಲ್ಲರೂ ಬಂದರು. ಗುತ್ತಿನಕ್ಕ ಜೀಪು ರಸ್ತೆಯಲ್ಲಿ ನಿಲ್ಲಿಸಿ ನಡೆದುಕೊಂಡು ಬಂದರು. ಎಲ್ಲ ಮುಗಿದ ಮೇಲೆ ಯಾರೋ ಒಬ್ಬರು ನನಗೆ, “ನೀವು ನಾಲ್ಕು ಮಾತು ಹೇಳಿ” ಎಂದರು. ನಾನು ಟೈಲರಕ್ಕನ ಕಡೆ ನೋಡಿದೆ. ಅವರು ಬೇಡ ಎಂಬಂತೆ ಸ್ವಲ್ಪ ತಲೆಯಾಡಿಸಿದರು. ನಾನು ಸುಮ್ಮನೆ ನಿಂತೆ.

ಮುದುಕಿಯ ಉತ್ತರಕ್ರಿಯೆಯ ಬೊಜ್ಜ ಕಳೆದು ನಾಲ್ಕು ದಿನಕ್ಕೆ ಟೈಲರಕ್ಕ ನಮ್ಮ ಮನೆಯ ಮುಂದಿನಿಂದ ಬಸ್ಸಿಗೆ ಹೋಗುತ್ತಿದ್ದರು. ನಿಂತರು. ಗೇಟು ಇನ್ನೂ ಪಾಗಾರಕ್ಕೆ ಒರಗಿಕೊಂಡೇ ಇತ್ತು.

“ಗೇಟು ಹಾಕ್ಲಿಲ್ವಾ ಅಣ್ಣ? ದನ ನುಗ್ಗೀತು.”

ಅದಕ್ಕೆ ನನ್ನ ಹತ್ತಿರ ಒಂದು ಉತ್ತರವಿತ್ತು. ಆ ಆಂಬುಲೆನ್ಸಿನ ದಿನದಿಂದ ಶುರು ಮಾಡಿ ಹೇಳುವುದಾದರೆ ಕಡಿಮೆಯೆಂದರೆ ಅರ್ಧ ಗಂಟೆಯ ಉತ್ತರ. ಅವರ ಬಸ್ಸು ತಿರುವಿನಲ್ಲಿ ಹಾರ್ನು ಹಾಕುತ್ತಿತ್ತು.

“ನುಗ್ಗಲಿ,” ಎಂದೆ.